ಮಳೆಗೆ ಸಾಕು ಎನ್ನದ ಜಂಪಣ್ಣ

ನ್ಯಾಮತಿಯ ಬಸ್ ನಿಲ್ದಾಣದ ಎದುರಿಗೆ ನನ್ನ ಬೀಜ, ಗೊಬ್ಬರ, ಔಷಧಿಯ ಅಂಗಡಿ ಇದೆ. ಮಳೆ ಬಂತೆಂದರೆ ರಸ್ತೆಯಲ್ಲಿದ್ದವರೆಲ್ಲ ಓಡಿಬಂದು ನನ್ನ ತಗಡಿನ ಚಪ್ಪರದಡಿ ನಿಲ್ಲುತ್ತಾರೆ. ಏನನ್ನೂ ಕೊಳ್ಳುವುದಿಲ್ಲ. ಗೊಬ್ಬರದ ಚೀಲಕ್ಕೆ ಒರಗಿಕೊಂಡು ಊರಿನ ರಾಜಕೀಯ ಮಾತಾಡಿ, ಮಳೆ ನಿಂತ ಮೇಲೆ ಹೇಳದೆ ಕೇಳದೆ ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ಹೀಗೇ ಎಲ್ಲರೂ ಒಳಗೆ ನುಗ್ಗುತ್ತಿರುವಾಗ, ಒಳಗಿದ್ದ ಒಬ್ಬ ಗಿರಾಕಿ ಮಾತ್ರ ಅವರನ್ನೆಲ್ಲ ತಳ್ಳಿಕೊಂಡು ಹೊರಗೆ ಹೋದ. ರಸ್ತೆಯ ನಟ್ಟನಡುವೆ ನಿಂತು, ಮುಖ ಮೇಲೆತ್ತಿ, ಎರಡೂ ಕೈ ಚಾಚಿದ. ಹೊನ್ನಾಳಿ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ.

"ಒಂದೀಟು ತಡೀರಿ ಡ್ರೈವರ್ರೇ, ಮಳೆ ಬರ್ತೈತೆ," ಎಂದ ಅವನು, ಬಸ್ಸಿನಿಂದ ಬೀಗರು ಇಳಿಯುತ್ತಿದ್ದಾರೇನೋ ಎಂಬಂತೆ.

ಅವನೇ ಜಂಪಣ್ಣ. ಈ ಮನುಷ್ಯನಿಗೆ ತಲೆ ಸರಿಯಿಲ್ಲ ಎಂದು ನಾನು ಅವತ್ತೇ ತೀರ್ಮಾನಿಸಿದೆ. ಆ ತೀರ್ಮಾನವನ್ನು ಇವತ್ತಿಗೂ ಪೂರ್ತಿ ವಾಪಸ್ಸು ತೆಗೆದುಕೊಂಡಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಹೆಸರು ಶಾಂತಲಾ. ತವರು ಚನ್ನಗಿರಿ, ಅಡಿಕೆ ವ್ಯಾಪಾರದ ಮನೆ. ಕೃಷಿ ಓದಿದ್ದೇನೆ, ಓದಿದ್ದನ್ನು ಅಂಗಡಿಯಲ್ಲಿ ಕೂತು ಹೇಳುತ್ತೇನೆ. ಹಿಂದಿನಿಂದ ಗಿರಾಕಿಗಳು ನನ್ನನ್ನು 'ಖಾರದಕ್ಕ' ಎನ್ನುತ್ತಾರೆಂದು ಗೊತ್ತು. ಹೇಳಿದ್ದನ್ನೇ ಎರಡನೆಯ ಸಲ ಹೇಳುವಾಗ ನನ್ನ ದನಿ ತಾನಾಗಿ ಏರುತ್ತದೆ. ಜಂಪಣ್ಣನ ಜೊತೆ ಮಾತಾಡಿದರೆ ಆ ದನಿ ಬಸ್ ನಿಲ್ದಾಣದ ಆಚೆಯ ಹಣ್ಣಿನ ಅಂಗಡಿಗೂ ಕೇಳಿಸುತ್ತಿತ್ತು.

ಜಂಪಣ್ಣ ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ಕುರಿ ಕಾಯ್ದು ಬೆಳೆದವನು. ಆ ಕಡೆಯ ಮೋಡಗಳು ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ. ಬರುತ್ತವೆ, ಕೂರುತ್ತವೆ, ಮನೆಯನ್ನೆಲ್ಲ ಮೇಲೆ ಕೆಳಗೆ ನೋಡುತ್ತವೆ, 'ತಿಳಿಸ್ತೀವಿ' ಎಂದು ಹೋಗಿಬಿಡುತ್ತವೆ. ಅವನು ತಾಯಿಯನ್ನು ಕಂಡವನಲ್ಲ. ಸಾಕಿದವರು ಅಕ್ಕ ಕೊಟ್ರಮ್ಮ. ಅದೇ ಊರಿನಲ್ಲಿ ಮದುವೆಯಾಗಿ ಗಂಡನ ಮನೆ ಸೇರುವಾಗ ತಮ್ಮನನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಹೊಸ್ತಿಲು ದಾಟಿದರಂತೆ. 'ಹುಡುಗಿ ಒಬ್ಬಳೇ ಅಂದಿದ್ರಿ' ಎಂದು ಅತ್ತೆ ಗೊಣಗಿದರೆ, 'ಇವನು ಸೀರೆ ಜೊತೆ ಬಂದ ರವಿಕೆ ಕಣತ್ತೆ' ಎಂದರಂತೆ.

ಜಂಪಣ್ಣನ ಹೆಂಡತಿ ಉಚ್ಚಂಗೆಮ್ಮ. ಅವಳ ಸೋದರಮಾವನಿಗೆ ನ್ಯಾಮತಿಯ ಹತ್ತಿರದ ಒಂದು ಹಳ್ಳಿಯಲ್ಲಿ ಹೊಲವಿತ್ತು. ಮಾವನಿಗೆ ಮಂಡಿನೋವು ಶುರುವಾಗಿ, 'ಪಾಲಿಗೆ ಮಾಡ್ಕೊಂಡು ಹೋಗ್ರಪ್ಪಾ' ಎಂದಾಗ ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಈ ಕಡೆ ಬಂದರು. ಬಂದ ಎರಡನೆಯ ಮುಂಗಾರಿಗೆ ಜಂಪಣ್ಣ ಆಲೂಗಡ್ಡೆ ಹಾಕಿದ. ಹಾಸನದ ಕಡೆ ಕುರಿ ಹಿಂಡಿನ ಜೊತೆ ಹೋಗಿದ್ದಾಗ ಆ ಬೆಳೆ ನೋಡಿ ಮನಸೋತಿದ್ದನಂತೆ. ಕುರಿ ಬಿಟ್ಟು ಗಡ್ಡೆ ಹಿಡಿದ ಎಂದು ಅವನ ಭಾವ, ಕೊಟ್ರಮ್ಮನ ಗಂಡ, ನಕ್ಕರು, ಬಿಳಿಚೋಡಿನಲ್ಲಿ 'ಗಡ್ಡೆ ಜಂಪ' ಎಂಬ ಹೆಸರು ಬಿತ್ತು.

ಈಗ ಆ ಮಾತಿನ ವಿಷಯಕ್ಕೆ ಬರುತ್ತೇನೆ. ಮಳೆ ಬರುವಾಗ ಜಂಪಣ್ಣನ ಮನೆಯಲ್ಲಿ ಯಾರೂ 'ಸಾಕು' ಅನ್ನುವಂತಿರಲಿಲ್ಲ. 'ಬೇಡ' ಕೂಡದು, 'ನಿಲ್ಲಿಸು' ಕೂಡದು. ಮಳೆಯನ್ನು ಉದ್ದೇಶಿಸಿ ಮಾತ್ರವಲ್ಲ, ಯಾವುದಕ್ಕೂ ಕೂಡದು. ಯಾರಿಗೆ ಅಂದರು ಎಂದು ಮಳೆಗೆ ಗೊತ್ತಾಗುವುದಿಲ್ಲವಲ್ಲ! ಬಿಳಿಚೋಡಿನಲ್ಲಿ ಈ ವ್ರತದಿಂದ ಯಾರಿಗೂ ತೊಂದರೆಯಿರಲಿಲ್ಲ, ಮಳೆ ಬರುತ್ತಿದ್ದುದೇ ಅಪರೂಪ. ನಮ್ಮ ಕಡೆ ಹಾಗಲ್ಲ. ಪುನರ್ವಸು, ಪುಷ್ಯ ಮಳೆಗಳು ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ.

ಅಂಥ ಒಂದು ದಿನ ಜಂಪಣ್ಣ ನ್ಯಾಮತಿಯಲ್ಲಿ ಕಟಿಂಗ್ ಮಾಡಿಸಲು ಕೂತ. ಹೊರಗೆ ಜಡಿಮಳೆ. ಕಟಿಂಗ್ ಮಾಡುತ್ತಿದ್ದ ದುರುಗೇಶ್ "ಇಷ್ಟು ಸಾಕಾ?" ಎಂದ. ಜಂಪಣ್ಣ ಕಿಟಕಿಯ ಕಡೆ ನೋಡಿ ಸುಮ್ಮನಾದ. ದುರುಗೇಶ್ ಇನ್ನಷ್ಟು ಕತ್ತರಿಸಿ ಮತ್ತೆ ಕೇಳಿದ. ಇವನು ಮತ್ತೆ ಸುಮ್ಮನಾದ. ತಲೆಯಾಡಿಸಬಾರದೇ ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಕತ್ತಿ ಹಿಡ್ಕೊಂಡಿದ್ದ ಅಕ್ಕಾರೆ, ತಲೆ ಹೆಂಗೆ ಆಡಿಸ್ಲಿ?" ಎಂದ. ಅಷ್ಟು ಹೊತ್ತಿಗೆ ಅವನ ತಲೆ ನನ್ನ ಅಂಗಡಿಯ ತಕ್ಕಡಿ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು.

ನಕ್ಕವಳು ನಾನೇ, ಸಿಕ್ಕಿಬಿದ್ದವಳೂ ನಾನೇ. ಬೆಳೆ ನೋಡಲೆಂದು ಅವರ ಹೊಲಕ್ಕೆ ಹೋದ ದಿನ ಉಣ್ಣದೆ ಬಿಡಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು. ಉಚ್ಚಂಗೆಮ್ಮನ ಸಾರು ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಎರಡನೆಯ ಮುದ್ದೆ ಬಂದಾಗ "ಸಾ..." ಎನ್ನುವಷ್ಟರಲ್ಲಿ ಜಂಪಣ್ಣ ಕೂತಲ್ಲಿಂದ ಎಗರಿ, "ಆ ಮಾತು ಮಾತ್ರ ಅನ್ನಂಗಿಲ್ರಿ! ಹೊರಗೆ ನೋಡ್ರಿ!" ಎಂದು ಕೈ ಮುಗಿದ. ಹೊರಗೆ ಸೋನೆ. ಮಾತಿನ ಬದಲು ಕೈ ಬಳಸುವ ಆ ಮನೆಯ ಪದ್ಧತಿಯಂತೆ ನಾನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದೆ. ಅಷ್ಟರಲ್ಲಿ ಸೌಟು ಬಗ್ಗಿಯಾಗಿತ್ತು. ಸಾರು ಬಿಸಿಯಾಗಿತ್ತು.

"ಇದೇನ್ರೀ ಹುಚ್ಚು?" ಎಂದು ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕೂಗಿದೆ.

ಜಂಪಣ್ಣ ಗಂಭೀರವಾಗಿ ಹೇಳಿದ: "ನಾನು ಸಣ್ಣೋನಿದ್ದಾಗ ಹಿಂಗೇ ಉಣ್ಣಾಕೆ ಕುಂತಿದ್ದೆ ಅಕ್ಕಾರೆ. ಹೊರಗೆ ಮಳೆ. ರೊಟ್ಟಿ ಹಾಕಾಕೆ ಬಂದಾಗ ಆ ಮಾತು ಅಂದೆ. ಅಷ್ಟೇ, ಕಡ್ಡಿ ಮುರಿದಂಗೆ ನಿಂತೋತು. ಆ ವರ್ಷ ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. ನೀನು ಅಂದಿದ್ದಕ್ಕೇ ಹೋತು ನೋಡು ಅಂದ್ಲು ನಮ್ಮಕ್ಕ. ಊರಿನ ಮಳೆ ಓಡಿಸಿದೋನು ನಾನು. ಅವತ್ತಿಂದ ಬಾಯಿ ಕಟ್ಟೀನಿ."

ಇಷ್ಟು ವಯಸ್ಸಾದ ಗಂಡಸು, ಮೀಸೆಯಲ್ಲಿ ನರೆ ಬಂದವನು, ಇದನ್ನು ನಂಬಿಕೊಂಡು ಅಷ್ಟು ವರ್ಷ ಬದುಕಿದ್ದ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಉಚ್ಚಂಗೆಮ್ಮ ನಗಲಿಲ್ಲ. ಪ್ರತಿ ಮಳೆಗಾಲದಲ್ಲೂ ಎರಡೆರಡು ಮುದ್ದೆ ಹೆಚ್ಚಿಗೆ ತಿರುವುತ್ತಿದ್ದವಳು ಅವಳು.

ಹೋದ ವರ್ಷ ಬೇಸಿಗೆಯಲ್ಲಿ ಕೊಟ್ರಮ್ಮನ ಕಿರಿಮಗಳು ದುರ್ಗಾಂಬಿಕಾಳ ಮದುವೆ ಗೊತ್ತಾಯಿತು. ಶ್ರಾವಣದ ಕೊನೆಗೆ ಮುಹೂರ್ತ. ಸೋದರಮಾವ ಜಂಪಣ್ಣ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಎದ್ದು ನಿಂತು, ಭಾವನ ಕಡೆ ನೋಡಿ, ಮದುವೆಯ ಪಲ್ಯಕ್ಕೆ ಬೇಕಾದ ಆಲೂಗಡ್ಡೆಯಷ್ಟೂ ತನ್ನ ಹೊಲದ್ದೇ ಎಂದು ಘೋಷಿಸಿಬಿಟ್ಟ. ಭಾವ ಮೀಸೆಯಲ್ಲಿ ನಕ್ಕರು. ಕೊಟ್ರಮ್ಮ ಮಾತ್ರ ಅಲ್ಲೇ ಅಡುಗೆಯವರನ್ನು ಕರೆದು, "ಪಟ್ಟಿಗೆ ಬದನೇಕಾಯಿ ಬರೀಬ್ಯಾಡ್ರಿ. ನನ್ನ ತಮ್ಮ ಗಡ್ಡೆ ತರ್ತಾನೆ," ಎಂದರು.

ಇದನ್ನು ನನಗೆ ಜಂಪಣ್ಣನೇ ಹೇಳಿದ. "ಹುಟ್ಟಿದಾಗಿಂದ ಉಂಡಿದ್ದೆಲ್ಲ ಅಕ್ಕನ ಕೈದು. ಒಂದ್ಸಲ ಅವ್ಳು ಕುಂತು ನನ್ನ ಬೆಳೆ ಉಣ್ಣಬೇಕು ಅಕ್ಕಾರೆ. ಅಷ್ಟಾದ್ರೆ ಗಡ್ಡೆ ಜಂಪ ಅಂತ ಯಾರು ಕರೆದ್ರೂ ಓಗೊಡ್ತೀನಿ."

ಬೀಜದ ಗಡ್ಡೆ ಕೊಳ್ಳಲು ಗಂಡ ಹೆಂಡತಿ ಇಬ್ಬರೂ ಬಂದರು. ನನ್ನಲ್ಲಿ ಎರಡು ತಳಿ ಇತ್ತು.

"ಜ್ಯೋತಿ ಐತೆ, ಹಿಮಾಲಿನಿ ಐತೆ. ಯಾವ್ದು ಬೇಕು?" ಎಂದೆ.

"ಹೆಣ್ಣು ನೋಡಾಕೆ ಬಂದಂಗೈತಲ್ರೀ," ಎಂದಳು ಉಚ್ಚಂಗೆಮ್ಮ, ಗಂಡನನ್ನು ಒಂದು ಸಲ ದುರುಗುಟ್ಟಿ ನೋಡಿ.

ಜಂಪಣ್ಣ ಜ್ಯೋತಿಯ ಮೇಲೆ ಕೈಯಿಟ್ಟ. ಹಾಸನದಲ್ಲಿ ಕಂಡದ್ದು ಅದೇ, ಮನಸೋತದ್ದು ಅದಕ್ಕೇ. ನಾನು ಬುದ್ಧಿ ಹೇಳಿದೆ. ಒಂದು ಕಾಲದಲ್ಲಿ ಜ್ಯೋತಿಗೂ ಅಂಗಮಾರಿ ರೋಗವನ್ನು ತಡೆಯುವ ಶಕ್ತಿ ಇತ್ತು, ಆದರೆ ರೋಗವೂ ಸುಮ್ಮನೆ ಕೂರುವುದಿಲ್ಲ, ವರ್ಷ ವರ್ಷ ಹೊಸ ವೇಷ ಹಾಕಿ ಬಂದು ಒಳಗೆ ನುಗ್ಗುವುದನ್ನು ಕಲಿತುಬಿಟ್ಟಿದೆ, ಈಗ ಮೋಡದ ಹವೆ ಹಿಡಿದರೆ ಜ್ಯೋತಿ ನಿಲ್ಲುವುದಿಲ್ಲ, ಹಿಮಾಲಿನಿಯಾದರೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ ಎಂದೆ.

"ಯಾವ ಮಾರಿ ಅಂದ್ರಿ?" ಉಚ್ಚಂಗೆಮ್ಮ ಸೆರಗು ಸರಿಮಾಡಿಕೊಂಡಳು.

"ಅಂಗಮಾರಿ. ಗುಡಿ ಇರೋ ಮಾರಿ ಅಲ್ಲ. ಎಲೆಗೆ ಬರೋ ರೋಗ."

"ಮಳೆ ಬಂದ್ರೆ ರೋಗ ಬರ್ತೈತಾ?" ಜಂಪಣ್ಣ ನನ್ನ ಮುಖ ನೋಡಿದ. ತನ್ನ ನೆಂಟರ ಮೇಲೆ ಕಳ್ಳತನ ಹೊರಿಸಿದವರನ್ನು ನೋಡುವ ಹಾಗೆ ನೋಡಿದ. "ಮಳೆಯಿಂದ ಯಾರಿಗಾದ್ರೂ ಕೆಟ್ಟದ್ದಾಗ್ತೈತೇನ್ರೀ?"

ನನ್ನ ದನಿ ಹಣ್ಣಿನ ಅಂಗಡಿ ತಲುಪಿತು. ಪ್ರಯೋಜನವಾಗಲಿಲ್ಲ. ಆದರೆ ಉಚ್ಚಂಗೆಮ್ಮ ಹಿಮಾಲಿನಿಯ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಗಡ್ಡೆ ಎತ್ತಿ ಮೂಸಿ, ತೀರ್ಪು ಕೊಟ್ಟಳು. "ಹಿಮಾಲಯದ ಕಡೆಯೋಳು ಅಂತ ಹೆಸರಲ್ಲೇ ಐತೆ. ಹಿಮದಾಗೆ ಬೆಳೆದೋಳಿಗೆ ನಮ್ಮ ಸೋನೆಗೆ ನೆಗಡಿ ಆಗ್ತೈತಾ? ನನ್ನ ಪಾಲಿಗೆ ಅರ್ಧ ಎಕರೆ ಇದೇ."

ನಾಲ್ಕು ವರ್ಷ ಓದಿ ನಾನು ಮುಟ್ಟಿದ ತೀರ್ಮಾನವನ್ನೇ ಅವಳು ಎಂಥ ದಾರಿ ಹಿಡಿದು ಮುಟ್ಟಿದಳು ನೋಡಿ! ತಿದ್ದಲು ಬಾಯಿ ತೆರೆದವಳು ಮುಚ್ಚಿಕೊಂಡು ಚೀಲ ತೂಗಿದೆ.

ರೋಹಿಣಿ ಮಳೆಗೆ ನೆಟ್ಟರು. ಜ್ಯೋತಿ ಒಂದು ಎಕರೆ, ಪಕ್ಕದಲ್ಲೇ ಉಚ್ಚಂಗೆಮ್ಮನ ಅರ್ಧ ಎಕರೆ. ಗಿಡ ಚೆನ್ನಾಗಿ ಎದ್ದು ಬಂತು, ಬುಡಕ್ಕೆ ಮಣ್ಣು ಏರಿಸಿದರು, ಹೂವು ಬಿಟ್ಟಿತು. ಆಮೇಲೆ ಸೋನೆ ಹಿಡಿಯಿತು. ಆಲೂಗಡ್ಡೆಗೆ ದಡಬಡ ಸುರಿದು ಹೋಗುವ ಮಳೆಗಿಂತ ಈ ಜಿಟಿಜಿಟಿ ಸೋನೆಯೇ ಕೆಟ್ಟದ್ದು. ರಾತ್ರಿ ತಂಪು, ಹಗಲು ಮೋಡ, ಬೆಳಗಿನ ನೀರು ಎಲೆಯ ಮೇಲಿಂದ ಮಧ್ಯಾಹ್ನವಾದರೂ ಆರುವುದಿಲ್ಲ. ಅಂಗಮಾರಿಗೆ ಬೇಕಾದದ್ದು ಅಷ್ಟೇ. ಎರಡು ದಿನ ಬಿಸಿಲು ಬಿದ್ದರೆ ಇದ್ದಲ್ಲೇ ಮುದುರುವ ರೋಗ, ಎಲೆ ಒಣಗಲು ಬಿಡುವು ಸಿಗದಿದ್ದರೆ ಗಾಳಿ ಹಿಡಿದು ಹೊಲದಿಂದ ಹೊಲಕ್ಕೆ ಹೋಗುತ್ತದೆ.

ರೋಗ ಕಾಣಿಸುವ ಮೊದಲೇ, ಮಳೆ ನಿಂತು ಹೊಳವು ಸಿಕ್ಕಾಗ ಔಷಧಿ ಹೊಡೆಯಿರಿ ಎಂದು ಡಬ್ಬಿ ಕೊಟ್ಟು ಕಳಿಸಿದೆ. ಡಬ್ಬಿ ಮನೆಯ ಗೂಡಿನಲ್ಲಿ ಹಾಗೇ ಕೂತಿತ್ತು.

"ಯಾಕ್ರೀ ಹೊಡೀಲಿಲ್ಲ?" ಎಂದು ಫೋನಿನಲ್ಲಿ ಕೇಳಿದೆ.

"ಮಳೆ ನಿಂತ ಮೇಲೆ ಹೊಡೀರಿ ಅಂದ್ರಿ. ನಿಲ್ಲಲಿ ಅಂತ ನಾನು ಹೆಂಗೆ ಕಾಯ್ಲಿ ಅಕ್ಕಾರೆ? ಕಾಯೋದೂ ಒಂದೇ, ಅನ್ನೋದೂ ಒಂದೇ."

ಮನಸ್ಸಿನಲ್ಲಿ ಅಂದುಕೊಂಡರೂ ಮಳೆಗೆ ಕೇಳಿಸುತ್ತದೆ ಎಂಬ ಹಂತಕ್ಕೆ ಅವನ ವ್ರತ ಬೆಳೆದಿತ್ತು. ನಾನು ಫೋನ್ ಕುಕ್ಕಿದೆ. ಆಮೇಲೆ ಆ ಫೋನಿನ ಗಾಜು ಬದಲಾಯಿಸಬೇಕಾಯಿತು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವನು ಪ್ಲಾಸ್ಟಿಕ್ ಕವರಿನಲ್ಲಿ ಎಲೆ ಹಿಡಿದುಕೊಂಡು ಬಂದ. ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಂದು ಮಚ್ಚೆ. ತಿರುಗಿಸಿ ನೋಡಿದೆ, ಮಚ್ಚೆಯ ಸುತ್ತ ಬಿಳೀ ಬೂಷ್ಟು. ಕವರು ಬಿಚ್ಚಿದ ಕೂಡಲೇ ಕೊಳೆತ ವಾಸನೆ. ಮೂಗು ಮುಚ್ಚಿಕೊಂಡು ಬೈಯಲು ತಲೆಯೆತ್ತಿದೆ. ಅವನ ಮುಖ ನೋಡಿ ಬೈಗುಳ ಅಲ್ಲೇ ನಿಂತಿತು.

"ಮೊನ್ನೆ ಒಂದು ಮೂಲೆ ಇತ್ತು ಅಕ್ಕಾರೆ. ಇವತ್ತು ಅರ್ಧ ಹೊಲ ಸುಟ್ಟಂಗಾಗೈತೆ. ನೀರಿನಾಗೆ ಸುಡ್ತೈತೇನ್ರೀ ಬೆಳೆ?"

ನಾನು ಅಂಗಡಿಗೆ ಬೀಗ ಹಾಕಿ ಅವನ ಬೈಕಿನ ಹಿಂದೆ ಕೂತು ಹೊಲಕ್ಕೆ ಹೋದೆ. ಜ್ಯೋತಿ ಮುಗಿದಿತ್ತು. ಗಿಡಗಳು ಕಪ್ಪಾಗಿ ಸೊರಗಿ ಸಾಲಿನ ಮೇಲೆ ಮಲಗಿದ್ದವು. ಬದುವಿನಾಚೆ ಉಚ್ಚಂಗೆಮ್ಮನ ಅರ್ಧ ಎಕರೆ ಹಸಿರಾಗಿತ್ತು. ಅವಳು ಸೊಂಟಕ್ಕೆ ಕೈಯಿಟ್ಟು ಅದರ ನಡುವೆ ನಿಂತಿದ್ದಳು. ಬಗ್ಗಿ ನೋಡಿದರೆ ಕೆಳಗಿನ ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಮಚ್ಚೆ ಬಂದಿತ್ತು. ತಡೆಯುವ ತಳಿಯೆಂದರೆ ರೋಗ ಮುಟ್ಟುವುದೇ ಇಲ್ಲ ಎಂದಲ್ಲ, ಮುಟ್ಟಿದರೂ ನಿಧಾನ, ಹೋರಾಡುತ್ತದೆ. ಆದರೆ ಒಂದೇ ಬದು ದಾಟಿದರೆ ಸಾಯುತ್ತಿರುವ ಹೊಲ, ಮೇಲೆ ಬಿಡದ ಸೋನೆ. ಎಷ್ಟು ದಿನ ಹೋರಾಡೀತು?

"ಜ್ಯೋತಿಯ ಗಿಡ ಇವತ್ತೇ ಕೊಯ್ದು ಹೊಲದಿಂದ ಆಚೆ ಸಾಗಿಸಿ ಹೂಳ್ರಿ. ಇಲ್ಲದಿದ್ರೆ ರೋಗ ಕೆಳಗಿಳಿದು ಗಡ್ಡೇನೂ ಕೊಳೆಸ್ತೈತೆ. ಹೊಳವಾದ ಕೂಡ್ಲೇ ಹಿಮಾಲಿನಿಗೆ ಔಷಧಿ ಹೊಡೀರಿ. ಪಲ್ಯಕ್ಕೆ ಉಳಿದಿರೋದು ಇದೊಂದೇ," ಎಂದೆ.

"ಕೇಳಿಸ್ತಾ?" ಉಚ್ಚಂಗೆಮ್ಮ ಗಂಡನತ್ತ ತಿರುಗಿದಳು. "ಒಂದ್ಸಲ ಅನ್ರಿ. ನನಗೋಸ್ಕರ ಬ್ಯಾಡ, ಅಕ್ಕನ ಪಂಕ್ತಿಗೋಸ್ಕರ ಅನ್ರಿ. ಒಂದೇ ಒಂದ್ಸಲ ಸಾಕು ಅನ್ರಿ ಮಳೆಗೆ!"

ಅವಳೇ ಅಂದಿದ್ದಳಲ್ಲ. ಜಂಪಣ್ಣ ಗಾಬರಿಯಿಂದ ಆಕಾಶ ನೋಡಿದ. ಮಳೆ ನಿಲ್ಲಲಿಲ್ಲ. "ನೀನು ಅಂದ್ರೆ ಲೆಕ್ಕಕ್ಕಿಲ್ಲ. ಓಡಿಸಿದೋನು ನಾನು," ಎಂದು ತಲೆ ತಗ್ಗಿಸಿದ.

ಅವನ ಸಂಕಟ ನನಗೆ ಆಗ ಪೂರ್ತಿ ಅರ್ಥವಾಯಿತು. ಇಲ್ಲಿ ಸಾಕು ಎಂದರೆ ಬಿಳಿಚೋಡಿನಲ್ಲೂ ನಿಲ್ಲುತ್ತದೆ, ಅಕ್ಕನ ಮೆಕ್ಕೆಜೋಳ ಒಣಗುತ್ತದೆ. ಸಾಕು ಎನ್ನದಿದ್ದರೆ ಗಡ್ಡೆ ಕೊಳೆಯುತ್ತದೆ, ಅಕ್ಕನ ಪಂಕ್ತಿಯಲ್ಲಿ ಪಲ್ಯವಿರುವುದಿಲ್ಲ. ಬಾಯಿ ತೆರೆದರೂ ಅಕ್ಕನಿಗೆ ದ್ರೋಹ, ಮುಚ್ಚಿದರೂ ಅಕ್ಕನಿಗೆ ದ್ರೋಹ. ನನಗೆ ಪಾಪ ಅನ್ನಿಸಿತು. ಕಪಾಳಕ್ಕೆ ಎರಡು ಬಾರಿಸಬೇಕು ಎಂದೂ ಅನ್ನಿಸಿತು.

"ಅಕ್ಕನ್ನೇ ಕೇಳ್ರಿ ಹಂಗಾದ್ರೆ," ಎಂದೆ.

ಹೊಲದಲ್ಲಿ ಸಿಗ್ನಲ್ ಇಲ್ಲ. ಗಿಡ ಕೊಯ್ಯಲು ಉಚ್ಚಂಗೆಮ್ಮನನ್ನು ಆಳುಗಳ ಜೊತೆ ಬಿಟ್ಟು, ನಾವಿಬ್ಬರೂ ನ್ಯಾಮತಿಗೆ ಬಂದೆವು. ನನ್ನ ಚಪ್ಪರದಡಿ ಎಂದಿನಂತೆ ಜನ ತುಂಬಿದ್ದರು. ತಗಡಿನ ಮೇಲೆ ಮಳೆಯ ಸದ್ದಿಗೆ ಏನೂ ಕೇಳಿಸದೆ ಜಂಪಣ್ಣ ಫೋನನ್ನು ಸ್ಪೀಕರಿಗೆ ಹಾಕಿದ.

"ಅಕ್ಕಾ, ಒಂದು ಮಾತು ಕೇಳ್ಬೇಕಿತ್ತು. ಬೈಯಂಗಿಲ್ಲ ನೋಡು."

"ಏನೋ ತಮ್ಮಾ?" ಕೊಟ್ರಮ್ಮನ ದನಿ ದೊಡ್ಡದು.

"ಅಲ್ಲಿ ಮಳೆ ಹೆಂಗೈತೆ?"

"ಹದವಾಗಿ ಬಂದೈತೆ. ಮೆಕ್ಕೆಜೋಳ ಮಂಡಿಯುದ್ದ ಎದ್ದೈತೆ. ಇನ್ನೂ ಬೇಕು. ಯಾಕೋ?"

ಜಂಪಣ್ಣ ಕಣ್ಣು ಮುಚ್ಚಿದ. "ಇಲ್ಲಿ... ಆ ಮಾತು ಅನ್ನಬೇಕಾಗೈತೆ ಅಕ್ಕಾ."

"ಯಾವ ಮಾತು?"

"ಅದೇ, ಅನ್ನಬಾರದ ಮಾತು."

ಗೊಬ್ಬರದ ಚೀಲಕ್ಕೆ ಒರಗಿದ್ದವರೆಲ್ಲ ಸೆಟೆದು ನಿಂತರು. ಅನ್ನಬಾರದ ಮಾತು ಯಾವುದಿರಬಹುದೆಂದು ಒಬ್ಬ ಹತ್ತಿರಕ್ಕೂ ಬಂದ. ಜಂಪಣ್ಣ "ಸಾ... ಸಾ..." ಎಂದು ಒದ್ದಾಡತೊಡಗಿದ. ನನ್ನ ತಾಳ್ಮೆ ಅಲ್ಲಿಗೆ ತೀರಿತು. ಫೋನ್ ಕಿತ್ತುಕೊಂಡು, "ಸಾಕು ಅಂತ ಕಣ್ರೀ! ಮಳೆಗೆ ಸಾಕು ಅನ್ನಾಕೆ ನಿಮ್ಮ ಪರ್ಮಿಶನ್ ಕೇಳ್ತಿದಾರೆ!" ಎಂದು ಕಿರುಚಿದೆ.

"ಅನ್ನಲಿ. ಯಾರು ಬ್ಯಾಡ ಅಂದ್ರು?"

"ನೀನೇ ಅಲ್ವೇನಕ್ಕಾ!" ಜಂಪಣ್ಣ ಫೋನ್ ಮರಳಿ ಕಿತ್ತುಕೊಂಡ. "ನಾನು ಸಣ್ಣೋನಿದ್ದಾಗ, ರೊಟ್ಟಿ ಮುಂದೆ ಕುಂತು ಆ ಮಾತು ಅಂದಾಗ, ಮಳೆ ನಿಂತೋತಲ್ಲ. ನೀನು ಅಂದಿದ್ದಕ್ಕೇ ಹೋತು ಅಂದ್ಯಲ್ಲ!"

ಆಮೇಲೆ ಫೋನಿನಿಂದ ಒಂದು ನಗು ಹೊರಟಿತು. ನಿಲ್ಲದ ನಗು. ಚಪ್ಪರದಡಿ ನಿಂತಿದ್ದವರೂ ಯಾಕೆಂದು ಗೊತ್ತಿಲ್ಲದೆ ನಕ್ಕರು.

"ಅಯ್ಯೋ ನನ್ನ ಹುಚ್ಚಪ್ಪಾ! ಇನ್ನೂ ಅದನ್ನ ಇಟ್ಕೊಂಡಿದೀಯೇನೋ?" ಎಂದರು ಕೊಟ್ರಮ್ಮ. ಹೇಳುತ್ತ ಹೇಳುತ್ತ ದನಿ ಇಳಿಯಿತು. "ಆ ವರ್ಷ ಮನ್ಯಾಗೆ ಜೋಳ ಇದ್ದದ್ದೇ ಅಷ್ಟು. ಅತ್ತೆ ಎಣಿಸಿ ಕೊಡೋರು. ನೀನು ಅರ್ಧ ರೊಟ್ಟಿ ತಿಂದು, ನನ್ನ ತಟ್ಟೆ ನೋಡಿ, ಸಾಕಕ್ಕಾ ಸಾಕು ಅಂತ ಎದ್ಬಿಡ್ತಿದ್ದೆ. ಹೊಟ್ಟೆ ಬೆನ್ನಿಗೆ ಹತ್ತಿರ್ತಿತ್ತು ನಿಂದು. ಬೈದೆ, ಹೊಡೆದೆ, ಕೇಳ್ಲಿಲ್ಲ. ಅವತ್ತು ಮಳೆ ನಿಂತಿದ್ದೇ ನೆಪ ಮಾಡ್ಕೊಂಡು, ನೀನು 'ಸಾಕು' ಅಂದಿದ್ದಕ್ಕೇ ಹೋತು ನೋಡು ಅಂದೆ. ಮಾರನೇ ದಿನದಿಂದ ನೀನು ತಟ್ಟೆ ಖಾಲಿ ಮಾಡಿದೆ. ನೀನು ಉಣ್ಲಿ ಅಂತ ಅಂದಿದ್ದು ಕಣೋ ತಮ್ಮಾ. ಮಳೆಗೆ ಎಲ್ಲಿ ಕಿವಿ ಐತೆ?"

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ, ಗೊಬ್ಬರದ ಚೀಲಕ್ಕೆ ಒರಗಿದ್ದವನೊಬ್ಬನನ್ನು ಸುಮ್ಮಸುಮ್ಮನೆ ಗದರಿದೆ. ಜಂಪಣ್ಣ ಫೋನನ್ನು ಕೌಂಟರಿನ ಮೇಲಿಟ್ಟು ಎಲ್ಲರನ್ನೂ ತಳ್ಳಿಕೊಂಡು ರಸ್ತೆಯ ನಡುವೆ ಹೋಗಿ ನಿಂತ. ಮುಖ ಮೇಲೆತ್ತಿದ. ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ಮೆಲ್ಲಗೆ, ಪಂಕ್ತಿಯಲ್ಲಿ ಬಡಿಸುವವರಿಗೆ ಹೇಳುವ ಹಾಗೆ, "ಸಾಕು," ಎಂದ.

ಮಳೆ ಜೋರಾಯಿತು. ಅಷ್ಟು ದಿನ ಜಿಟಿಜಿಟಿ ಎನ್ನುತ್ತಿದ್ದದ್ದು ಹಂಡೆ ಬೋರಲು ಹಾಕಿದಂತೆ ಸುರಿಯಿತು. ಹೊನ್ನಾಳಿ ಬಸ್ಸು ಬಂದು ಹಾರ್ನ್ ಹೊಡೆಯಿತು. ಜಂಪಣ್ಣ ಎದೆ ತುಂಬ ಉಸಿರೆಳೆದು, "ಸಾಕೂ!" ಎಂದು ಕೂಗಿದ. ಇನ್ನೂ ಜೋರಾಯಿತು. ಅವನು ತೊಪ್ಪೆಯಾಗಿ, ಹಲ್ಲು ಕಿರಿಯುತ್ತ ಒಳಗೆ ಓಡಿಬಂದ.

"ಕೇಳ್ಲಿಲ್ಲ ನೋಡ್ರಿ ಅಕ್ಕಾರೆ! ಕೇಳೋದೇ ಇಲ್ಲ ಅದು! ಅವತ್ತೂ ನಾನಲ್ಲ! ಊರಿನ ಮಳೆ ಓಡಿಸಿದೋನು ನಾನಲ್ಲ!"

ಹೊಲದಲ್ಲಿ ಬೆಳೆ ಸಾಯುತ್ತಿರುವಾಗ ಅಷ್ಟು ಸಂತೋಷಪಟ್ಟ ರೈತನನ್ನು ನಾನು ನೋಡಿಲ್ಲ. ಮುಂದಿನ ಅರ್ಧ ಗಂಟೆ ಅವನು ನ್ಯಾಮತಿಯಲ್ಲಿ ಆ ಮಾತನ್ನು ಖರ್ಚು ಮಾಡುತ್ತ ತಿರುಗಿದ. ಹೋಟೆಲಿನಲ್ಲಿ ಟೀ ಅರ್ಧ ಲೋಟ ಬಿದ್ದಾಗಲೇ ಸಾಕು ಎಂದ. ದುರುಗೇಶನ ಅಂಗಡಿಗೆ ಹೋಗಿ, ಕತ್ತರಿ ಎತ್ತುವ ಮೊದಲೇ ಸಾಕು ಎಂದು ಎದ್ದುಬಂದ. ಆಮೇಲೆ ನನ್ನ ಮುಂದೆ ಬಂದು ನಿಂತು, "ಪಂಪಿಗೆ ಎಷ್ಟು ನೀರು, ಎಷ್ಟು ಔಷಧಿ? ಇನ್ನೊಂದ್ಸಲ ಹೇಳ್ರಿ," ಎಂದ. ನಾನು ದನಿ ಏರಿಸದೆ ಹೇಳಿದೆ.

ಮಳೆ ತನಗೆ ಬೇಕಾದಾಗ ನಿಂತಿತು. ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಬಿತ್ತು, ಎಲೆ ಆರಿತು, ಜಂಪಣ್ಣ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿಗಿಳಿದ. ಜೀವಮಾನದಲ್ಲಿ ಮೊದಲ ಸಲ ಮಳೆ ಬರದಿರಲಿ ಎಂದು ಕಾದನಂತೆ. ಕಾಯುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲವಂತೆ. ಆಮೇಲೆಯೂ ನಾಲ್ಕು ದಿನ ಮೋಡ, ಎರಡು ದಿನ ಬಿಸಿಲು ಎಂದು ಹವೆ ಆಟವಾಡಿತು. ಹಿಮಾಲಿನಿಯ ಕೆಳಗಿನ ಎಲೆ ಹೋದವು, ಮೇಲಿನವು ಉಳಿದವು. ಜ್ಯೋತಿ ಅಗೆದಾಗ ನಿಂಬೆಹಣ್ಣಿನ ಗಾತ್ರದ ಗಡ್ಡೆ ಸಿಕ್ಕಿತು, ಅದರಲ್ಲೂ ಕೊಳೆತದ್ದು ಬಹಳ. ಉಚ್ಚಂಗೆಮ್ಮನ ಅರ್ಧ ಎಕರೆಯಲ್ಲಿ ಅಂಗೈ ತುಂಬುವ ಗಡ್ಡೆ ಬಂತು. ಅವಳು ಪ್ರತಿ ಬುಟ್ಟಿ ತುಂಬಿದಾಗಲೂ, "ಹಿಮಾಲಯದೋಳು!" ಎಂದು ಗಂಡನ ಕಿವಿಗೆ ಬೀಳುವಂತೆ ಹೇಳುತ್ತಿದ್ದಳು. ಅವನು ಬುಟ್ಟಿ ಹೊತ್ತು ನಡೆಯುತ್ತಿದ್ದ.

ಮದುವೆಗೆ ನನ್ನನ್ನೂ ಕರೆದರು. ಹೊನ್ನಾಳಿ, ದಾವಣಗೆರೆ ಎಂದು ಬಸ್ಸು ಬದಲಿಸಿ ಬಿಳಿಚೋಡು ತಲುಪುವಷ್ಟರಲ್ಲಿ ಧಾರೆ ಮುಗಿದಿತ್ತು. ಅಲ್ಲಿ ಮಘೆ ಮಳೆ ಕೈಕೊಟ್ಟಿತ್ತು. ಮೆಕ್ಕೆಜೋಳ ಎಲೆ ಸುರುಳಿ ಸುತ್ತಿಕೊಂಡು ನಿಂತಿತ್ತು. ಪಂಕ್ತಿಯ ಮೇಲೆ ಪಂಕ್ತಿ ಆಲೂಗಡ್ಡೆ ಪಲ್ಯ ಹೋಯಿತು. ಭಾವ ಮೂರು ಸಲ ಹಾಕಿಸಿಕೊಂಡು, "ಉಪ್ಪು ಒಂದೀಟು ಕಮ್ಮಿ," ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಂದ ಯಾರಿಗೂ ಸಿಕ್ಕಿಲ್ಲವಂತೆ.

ಕೊನೆಯ ಪಂಕ್ತಿಯಲ್ಲಿ ಕೊಟ್ರಮ್ಮ ಕೂತರು. ದೊಡ್ಡ ದನಿ ಕೇಳಿ ದೊಡ್ಡ ಆಳು ಇರಬೇಕೆಂದುಕೊಂಡಿದ್ದೆ. ಗುಬ್ಬಿಯಂಥ ಹೆಂಗಸು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಜಂಪಣ್ಣ ಪಲ್ಯದ ಬಕೀಟನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಅಕ್ಕನ ಎಲೆಗೆ ಒಂದು ಸೌಟು ಹಾಕಿದ. ಅವರು ಬಾಯಿಗಿಟ್ಟು ತಲೆದೂಗಿದರು. ಎರಡನೆಯದು ಹಾಕಿದ. ಮೂರನೆಯದಕ್ಕೆ ಸೌಟು ಅದ್ದುವ ಹೊತ್ತಿಗೆ ಮೇಲೆ ಶಾಮಿಯಾನದ ಬಟ್ಟೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಮತ್ತೊಂದು ಬಿತ್ತು. ಎಲ್ಲರೂ ತುತ್ತು ಕೈಯಲ್ಲೇ ಹಿಡಿದು ಮೇಲೆ ನೋಡಿದರು.

ಕೊಟ್ರಮ್ಮ ಏನೋ ಹೇಳಲು ಬಾಯಿ ತೆರೆದರು. ಸದ್ದು ಕೇಳಿಸಿಕೊಂಡರು. ಬಾಯಿ ಮುಚ್ಚಿ, ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ಅನ್ನಕ್ಕಾ," ಜಂಪಣ್ಣ ಸೌಟು ಹಿಡಿದೇ ನಕ್ಕ. "ಬಾಯ್ತುಂಬ ಸಾಕು ಅನ್ನು. ಮಳೆಗೆ ಕಿವಿ ಇಲ್ಲ ಅಂದಿದ್ಯಲ್ಲ."

ಕೊಟ್ರಮ್ಮ ಶಾಮಿಯಾನವನ್ನು ನೋಡಿದರು, ಆಚೆ ಒಣಗಿ ನಿಂತ ಹೊಲವನ್ನು ನೋಡಿದರು, ತಮ್ಮನನ್ನು ನೋಡಿದರು. ಹನಿಗಳು ದಪ್ಪವಾಗುತ್ತಿದ್ದವು.

"ಇಲ್ಲ ಅಂತ ಯಾವನಿಗೆ ಗೊತ್ತೋ," ಎಂದರು. "ನೀನು ಬಡಿಸು."

ಎಲೆಯ ಮೇಲಿಂದ ಕೈ ತೆಗೆದರು.